ಗೊತ್ತಾಗದ ಹಾಗೆ ಮಾತ್ರೆ ಬೆರೆಸುವ ಮೊದಲು ನನ್ನ ಅಕ್ಕನ ವಿಷಯ ಕೇಳಿ

ತಂಗಿ ಮಾನಸಿಕ ಕಾಯಿಲೆಯ ಮಾತ್ರೆ ಮುಟ್ಟುತ್ತಿಲ್ಲ, ಊಟದಲ್ಲಿ ಯಾವುದಕ್ಕೆ ಬೆರೆಸಿದರೆ ಗೊತ್ತಾಗಲ್ಲ ಎಂದು ಕೇಳಿದ್ದೀರಿ. ನಾನು ನನ್ನ ಸ್ವಂತ ಅಕ್ಕನಿಗೆ 24 ದಿನ ಹಾಗೆ ಬೆರೆಸಿ ಕೊಟ್ಟವನು. ದಯವಿಟ್ಟು ಬೇಡ.

2016ರ ಮಳೆಗಾಲ. ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಗಂಡನ ಮನೆಯಿಂದ ಬಂದ ಅಕ್ಕ ವಾಪಸ್ ಹೋಗಲಿಲ್ಲ. ರಾತ್ರಿ ನಿದ್ದೆ ಇಲ್ಲ. ಗೋಡೆಯ ಆಚೆ ಯಾರೋ ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನುತ್ತಿದ್ದಳು. ಗಂಡನ ಮನೆಗೆ ಹೋಗದಿರೋಕೆ ನಾಟಕ ಅಂತ ಅಪ್ಪ. ಅಮ್ಮ ದೇವರಿಗೆ ಹರಕೆ ಹೊತ್ತರು. ನಾನು ಡಾಕ್ಟರ್ ಹತ್ತಿರ ಹೋಗೋಣ ಅಂದೆ. ದಿನಾ ಮೂವರ ಜಗಳ, ಅದೂ ಅವಳ ಎದುರಿಗೇ. ನಿನಗೆ ಏನಾಗ್ತಿದೆ ಅಂತ ಒಬ್ಬರಾದರೂ ಅವಳನ್ನು ಕೇಳಿದ ನೆನಪು ನನಗಿಲ್ಲ.

ಅವಳು ಬರಲ್ಲ ಅಂದಳು. ನಾನೊಬ್ಬನೇ ಹೋಗಿ ಒಬ್ಬ ಮನೋವೈದ್ಯರಿಗೆ ಎಲ್ಲ ಹೇಳಿದೆ. ಅವಳ ಮುಖ ನೋಡದೆಯೇ ಹ್ಯಾಲೊಪೆರಿಡಾಲ್ ಅನ್ನೋ ಮಾನಸಿಕ ಕಾಯಿಲೆಯ ಔಷಧಿಯ ಡ್ರಾಪ್ಸ್ ಬರೆದುಕೊಟ್ಟರು, ಕಾಫಿಯಲ್ಲಿ ಹಾಕಿ ಕೊಡಿ ಅಂದರು. ಸಣ್ಣ ಬಾಟಲಿ. ತೊಗರಿಬೇಳೆ ಡಬ್ಬದಲ್ಲಿ ಬಚ್ಚಿಡುತ್ತಿದ್ದೆವು. ಅಮ್ಮ ಕಾಫಿ ಸೋಸೋರು, ನಾನು ಹನಿ ಎಣಿಸುತ್ತಿದ್ದೆ.

ಒಂದು ವಾರಕ್ಕೆ ನಿದ್ದೆ ಬಂತು. ಗೋಡೆ ಕಡೆ ಕಿವಿ ಕೊಡೋದು ನಿಂತಿತು. ನಾವು ಗೆದ್ದೆವು ಅಂದುಕೊಂಡೆವು.

ಮೂರನೇ ವಾರ ಅವಳು ನಡೆಯೋಕೆ ಶುರು ಮಾಡಿದಳು. ಹಿತ್ತಲಿಂದ ಜಗುಲಿಗೆ, ಜಗುಲಿಯಿಂದ ಹಿತ್ತಲಿಗೆ. ತಟ್ಟೆ ಮುಂದೆ ಕೂತರೆ ಎರಡು ತುತ್ತಿಗೆ ಎದ್ದುಬಿಡೋಳು. "ಕಾಲೊಳಗೆ ಇರುವೆ ಹರಿದಂಗಾಗುತ್ತೆ ಕಣೋ, ಕೂರೋಕಾಗಲ್ಲ" ಅಂದಳು. ನಾನು ಡಾಕ್ಟರಿಗೆ ಫೋನ್ ಮಾಡಿದೆ. "ಸರ್, ಜಾಸ್ತಿ ಆಗಿದೆ" ಅಂದೆ. ಅಷ್ಟೇ ಹೇಳಿದ್ದು. ಹಾಗಾದರೆ ಹನಿ ಜಾಸ್ತಿ ಮಾಡಿ ಅಂದರು. ಮಾಡಿದೆ.

ಈ ಒಂದು ಫೋನಿನ ಬಗ್ಗೆ ನಾನು ಇವತ್ತಿಗೂ ಯೋಚಿಸುತ್ತೇನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅವಳಿಗೆ ಆಗಿದ್ದು ಕಾಯಿಲೆ ಅಲ್ಲ, ಔಷಧಿಯದ್ದೇ ಅಡ್ಡಪರಿಣಾಮ. ಅಕತೀಸಿಯಾ ಅಂತಾರೆ. ಮೈಯೊಳಗೆ ತಡೆಯಲಾರದ ಚಡಪಡಿಕೆ, ಕೂತರೆ ಹಿಂಸೆ. ಹೊರಗಿಂದ ನೋಡಿದವರಿಗೆ ಹುಚ್ಚು ಜಾಸ್ತಿಯಾದ ಹಾಗೇ ಕಾಣುತ್ತೆ. ಔಷಧಿ ತಗೊಳ್ಳುವವರಿಗೆ ತಾನು ತಗೊಳ್ತಿದ್ದೀನಿ ಅಂತ ಗೊತ್ತಿದ್ದರೆ, "ಈ ಮಾತ್ರೆ ಶುರುವಾದ ಮೇಲೆ ಹೀಗಾಗ್ತಿದೆ" ಅಂತ ಅವರೇ ಹೇಳುತ್ತಾರೆ. ಡಾಕ್ಟರ್ ಡೋಸ್ ಇಳಿಸುತ್ತಾರೆ, ಇಲ್ಲ ಬೇರೆ ಕೊಡುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಹೇಳಬಲ್ಲವಳು ಅವಳೊಬ್ಬಳೇ. ಅವಳಿಗೇ ಗೊತ್ತಿರಲಿಲ್ಲ. ಇರುವೆ ಹರಿದಂಗಾಗುತ್ತೆ ಅಂತ ಅವಳು ಹೇಳಿದ ಮಾತನ್ನಾದರೂ ನಾನು ಹಾಗೇ ಫೋನಲ್ಲಿ ಒಪ್ಪಿಸಿದ್ದರೆ ಸಾಕಿತ್ತು. ಅವಳ ಮಾತಿಗೆ ಅರ್ಥ ಇರಲ್ಲ ಅಂತ ನಾನು ಆಗಲೇ ತೀರ್ಮಾನ ಮಾಡಿಯಾಗಿತ್ತು. ಬೆರೆಸಿದ್ದಕ್ಕಿಂತ ದೊಡ್ಡ ತಪ್ಪು ಅದು.

ಹನಿ ಜಾಸ್ತಿ ಮಾಡಿದ ಎರಡನೇ ಸಂಜೆ ಅವಳ ಕುತ್ತಿಗೆ ಒಂದು ಪಕ್ಕಕ್ಕೆ ತಿರುಚಿಕೊಂಡಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ನಾಲಿಗೆ ದಪ್ಪಗಾಗಿ ಮಾತು ಹೊರಡಲಿಲ್ಲ. ಅಮ್ಮ ನಿಂಬೆಹಣ್ಣು ಹುಡುಕೋಕೆ ಓಡಿದರು. ನಾನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಡಾಕ್ಟರಮ್ಮ ಅವಳನ್ನೇ ಕೇಳಿದರು, ಯಾವುದಾದರೂ ಮಾತ್ರೆ ತಗೊಳ್ತಿದ್ದೀರಾ ಅಂತ. ಅಕ್ಕ ಕೈಯಾಡಿಸಿ ಇಲ್ಲ ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳ ಎದುರಿಗೇ ಹೇಳಬೇಕಾಯಿತು.

ಒಂದು ಇಂಜೆಕ್ಷನ್ ಕೊಟ್ಟರು, ಅರ್ಧ ಗಂಟೆಯಲ್ಲಿ ಕುತ್ತಿಗೆ ಸರಿಹೋಯಿತು. ಆದರೆ ಆವತ್ತಿಂದ ಅವಳು ಅಮ್ಮನ ಕೈ ಅಡುಗೆ ಮುಟ್ಟಲಿಲ್ಲ. ಹಿತ್ತಲಲ್ಲಿ ಬೇರೆ ಒಲೆ ಹೂಡಿದಳು. ಯಾರಾದರೂ ಕಾಫಿ ಕೊಟ್ಟರೆ ನಮ್ಮ ಲೋಟ ತಾನು ತಗೊಂಡು ಅವಳದ್ದು ನಮ್ಮ ಕಡೆ ತಳ್ಳೋಳು. ಮನೆಯವರೇ ವಿಷ ಹಾಕುತ್ತಾರೆ ಅನ್ನೋ ಅನುಮಾನ ಅವಳ ಕಾಯಿಲೆಯಲ್ಲಿ ಮೊದಲು ಇರಲಿಲ್ಲ. ಅದನ್ನು ನಿಜ ಮಾಡಿ ಕೊಟ್ಟವರು ನಾವು. ಔಷಧಿ ಪೂರ್ತಿ ನಿಂತಿತು, ಎರಡು ತಿಂಗಳಲ್ಲಿ ಗೋಡೆಯ ಮಾತು ವಾಪಸ್ ಬಂತು, ಕೊನೆಗೆ ಬೆಂಗಳೂರಿನಲ್ಲಿ ಐದು ವಾರ ಅಡ್ಮಿಟ್ ಆದಳು.

ಅಲ್ಲೊಬ್ಬರು ಡಾಕ್ಟರ್ ನಮ್ಮನ್ನು ಹೊರಗೆ ಕೂರಿಸಿ ಅವಳ ಜೊತೆ ಒಂದು ಗಂಟೆ ಮಾತಾಡಿದರು. ಬೇರೆ ಔಷಧಿ, ಓಲಾನ್ಜಪಿನ್. ಕುತ್ತಿಗೆ ತಿರುಚೋ ಸಾಧ್ಯತೆ ಕಡಿಮೆ, ಆದರೆ ತೂಕ ಏರುತ್ತೆ, ಶುಗರ್ ನೋಡ್ತಾ ಇರಬೇಕು ಅಂತ ಮೊದಲೇ ಹೇಳಿದರು. 11 ಕೆಜಿ ಏರಿತು. ಅವಳು ಬೈದುಕೊಂಡೇ ತಗೊಂಡಳು, ಗೊತ್ತಿದ್ದು ತಗೊಂಡಳು. ಈಗ ಕಡಿಮೆ ಡೋಸ್, ಡಬ್ಬ ಅವಳ ಹತ್ತಿರವೇ ಇರುತ್ತೆ.

ನನ್ನ ಪ್ರಕಾರ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಮಾತ್ರೆ ಬೇಡ ಅನ್ನೋದು ಹಟ ಅಂತ ಯಾಕೆ ಅಂದುಕೊಂಡಿರಿ? ಕೈ ನಡುಗುತ್ತಾ, ಮುಟ್ಟು ನಿಂತಿದೆಯಾ, ಇಡೀ ದಿನ ಮಂಪರಾ, ಕೇಳಿ. ಡಾಕ್ಟರಿಗೆ ಅವಳ ಮಾತಲ್ಲೇ ಹೇಳಿ. ಈಗಾಗಲೇ ಬೆರೆಸಲು ಶುರು ಮಾಡಿದ್ದರೆ ದಿಢೀರ್ ನಿಲ್ಲಿಸಬೇಡಿ, ಅದೂ ಅಪಾಯ. ಡಾಕ್ಟರನ್ನು ಕೇಳಿ, ಅವಳಿಗೂ ಹೇಳಿ. ದೂರ ಹೋಗೋದು ಕಷ್ಟ ಆದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಅವಳಿಗೋ ಬೇರೆಯವರಿಗೋ ಪ್ರಾಣಾಪಾಯ ಇದ್ದರೆ ಒಪ್ಪಿಗೆ ಇಲ್ಲದೆಯೂ ಅಡ್ಮಿಟ್ ಮಾಡಲು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ದಾರಿ ಇದೆ. ಅದು ಎಲ್ಲರ ಕಣ್ಣೆದುರು ಆಗುತ್ತೆ. ಅವಳು ಆಮೇಲೆ ಅದನ್ನು ಆ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಮುಂದೆ ಪ್ರಶ್ನಿಸಬಹುದು. ಬೇಳೆ ಡಬ್ಬದ ಬಾಟಲಿಯನ್ನು ಯಾರ ಮುಂದೆ ಪ್ರಶ್ನಿಸುತ್ತಾಳೆ? ಮುಂದೆ ಹುಷಾರಿಲ್ಲದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಅಕ್ಕ ಬರೆದಿಟ್ಟಿದ್ದಾಳೆ. ಮೊದಲನೇ ಸಾಲು ಹ್ಯಾಲೊಪೆರಿಡಾಲ್ ಬೇಡ ಅಂತ.

ನಿಮ್ಮ ಪ್ರಶ್ನೆಯನ್ನು ನಿನ್ನೆ ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆ ಹುಡುಗಿ ಯಾಕೆ ಬೇಡ ಅಂತಾಳೆ ಅಂತ ಬರೆದಿದ್ದಾರಾ?" ಅಂದಳು. ಮತ್ತೆ ಮೇಲಿಂದ ಓದಿ ನೋಡಿದೆ. ನೀವು ಬರೆದಿರಲಿಲ್ಲ.