ಆ ಒಂದು ಸಾಲು ನಾವು ಬರೆಯಬಾರದಿತ್ತು

ಪ್ರಿಯ ಮೇಡಂ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ವಿಷಯ ತಿಳಿಯಲಿ ಎಂದು ನಿಮ್ಮ ಮಾತನ್ನಷ್ಟೇ ಚಿಕ್ಕದಾಗಿ ಹೇಳುತ್ತೇನೆ. ಅಪಘಾತದಲ್ಲಿ ತೀರಿಕೊಂಡ ಬ್ರಿಟನ್ನಿನ ಹೆಸರಾಂತ ವ್ಯಕ್ತಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ಬರೆದಿದ್ದೆವು. ಮೊದಲ ಮಹಾಯುದ್ಧದಲ್ಲಿ ಅರಬರ ಜೊತೆ ಮರುಭೂಮಿಯಲ್ಲಿ ಹೋರಾಡಿ ‘ಅರೇಬಿಯಾದ ಲಾರೆನ್ಸ್’ ಎಂದೇ ಹೆಸರಾದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ ಅವರ ಬೈಕ್ ಅಪಘಾತದ ಕೊನೆಗೆ ‘ಹೆಲ್ಮೆಟ್ ಹಾಕಿದ್ದರೆ ಬದುಕುತ್ತಿದ್ದರೇನೋ’ ಎಂಬ ಸಾಲಿತ್ತು. ಅದಕ್ಕೆ ನೀವು ಕೇಳಿದ್ದು ಹೀಗೆ: “1935ರಲ್ಲಿ ರಸ್ತೆ ಮೇಲೆ ಯಾರು ಹೆಲ್ಮೆಟ್ ಹಾಕ್ತಿದ್ರು? ನನ್ನ ತಮ್ಮ 1982ರಲ್ಲಿ ಬೈಕಿನಿಂದ ಬಿದ್ದು ತೀರಿಹೋದ. ಆಗ ನಮ್ಮೂರಲ್ಲಿ ಹೆಲ್ಮೆಟ್ ಮಾರುವ ಅಂಗಡಿಯೇ ಇರಲಿಲ್ಲ. ಈಗಲೂ ನೆಂಟರು ಇದೇ ಮಾತು ಆಡ್ತಾರೆ. ನೀವೂ ಆಡಿಬಿಟ್ರಲ್ಲ.”

ತಪ್ಪು ನಮ್ಮದೇ, ಮೇಡಂ. ಆ ಸಾಲನ್ನು ಬರೆದವನು ನಾನೇ. ಪುಟದ ಕೊನೆಗೆ ಎರಡು ಗೆರೆ ಜಾಗ ಉಳಿದಿತ್ತು, ಸುಮ್ನೆ ತುಂಬಿಸಿದೆ. ಲೇಖನದಲ್ಲಿ ಅವಸರಕ್ಕೆ ಬಿಟ್ಟುಹೋದದ್ದನ್ನು ಈಗ ಹೇಳುತ್ತೇನೆ.

1935ರ ಮೇ 13. ವಾಯುಪಡೆಯಿಂದ ಬಿಡುಗಡೆಯಾಗಿ ಲಾರೆನ್ಸ್‌ಗೆ ಇನ್ನೂ ಮೂರು ತಿಂಗಳೂ ಆಗಿರಲಿಲ್ಲ. ಡಾರ್ಸೆಟ್ ಜಿಲ್ಲೆಯ ಕ್ಲೌಡ್ಸ್ ಹಿಲ್ ಎಂಬಲ್ಲಿ ಅವರದೊಂದು ಪುಟ್ಟ ಮನೆ. ಬಾಗಿಲ ಮೇಲೆ ಗ್ರೀಕಿನಲ್ಲಿ ‘ಚಿಂತೆಯಿಲ್ಲ’ ಎಂಬರ್ಥದ ಎರಡು ಪದ ಕೆತ್ತಿಸಿದ್ದರು. ಅವತ್ತು ಹತ್ತಿರದ ಬೋವಿಂಗ್‌ಟನ್ ಅಂಚೆ ಕಚೇರಿಗೆ ಹೋಗಿ, ಗೆಳೆಯರೊಬ್ಬರಿಗೆ ಊಟಕ್ಕೆ ಬನ್ನಿ ಎಂದು ತಂತಿ ಕಳಿಸಿ, ತಮ್ಮ ಬ್ರಫ್ ಸುಪೀರಿಯರ್ ಬೈಕಿನಲ್ಲಿ ವಾಪಸ್ ಬರುತ್ತಿದ್ದರು. ಆ ರಸ್ತೆ ಏರಿಳಿತದ್ದು. ತಗ್ಗಿನಲ್ಲಿ ಎದುರಿಗೇನಿದೆ ಎಂದು ಕಾಣುವುದಿಲ್ಲ. ಅಲ್ಲಿ ಸೈಕಲ್ ಮೇಲೆ ಇಬ್ಬರು ಹುಡುಗರು ಹೋಗುತ್ತಿದ್ದರು. ಕಂಡ ಕೂಡಲೇ ಲಾರೆನ್ಸ್ ಬೈಕನ್ನು ಪಕ್ಕಕ್ಕೆ ಎಳೆದರು. ಒಂದು ಸೈಕಲ್ಲಿಗೆ ತಾಗಿತು, ಇವರು ಹ್ಯಾಂಡಲ್ ದಾಟಿ ಮುಂದಕ್ಕೆ ಹಾರಿಬಿದ್ದರು. ಹುಡುಗರಿಬ್ಬರೂ ಬದುಕಿದರು. ಇವರಿಗೆ ಮತ್ತೆ ಪ್ರಜ್ಞೆ ಬರಲೇ ಇಲ್ಲ. ಆರು ದಿನ ಮಿಲಿಟರಿ ಆಸ್ಪತ್ರೆಯಲ್ಲಿದ್ದು, 19ರಂದು ತೀರಿಕೊಂಡರು. ವಯಸ್ಸು 46.

ಈಗ ಹೆಲ್ಮೆಟ್ ವಿಷಯ. ಅಂಥದ್ದೊಂದು ವಸ್ತು ಆಗ ಇತ್ತು, ಆದರೆ ರೇಸಿನವರಿಗೆ ಮಾತ್ರ. ಐಲ್ ಆಫ್ ಮ್ಯಾನ್ ದ್ವೀಪದ ಬೈಕ್ ರೇಸಿನಲ್ಲಿ 1914ರಲ್ಲೇ ಅದು ಕಡ್ಡಾಯವಾಗಿತ್ತು. ಕ್ಯಾನ್‌ವಾಸ್ ಬಟ್ಟೆಗೆ ಅರಗು ಬಳಿದು ಗಟ್ಟಿ ಮಾಡಿದ ಟೋಪಿ ಅದು. ಅಂಚೆ ಕಚೇರಿಗೆ ಹೋಗಿಬರುವವರು ಅದನ್ನು ಹಾಕಿಕೊಳ್ಳಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಹಾಗಿರುವಾಗ ‘ಹಾಕಿದ್ದರೆ’ ಎಂದು ಅವರನ್ನು ಅನ್ನುವುದು ಯಾವ ನ್ಯಾಯ? ನಿಮ್ಮ ಪ್ರಶ್ನೆ ನೂರಕ್ಕೆ ನೂರು ಸರಿ.

ನಾವು ನಿಜವಾಗಿ ಬರೆಯಬೇಕಿದ್ದುದು ಮುಂದಿನ ಕಥೆ. ಆ ಆಸ್ಪತ್ರೆಗೆ ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬುವರಿದ್ದರು. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಮೆದುಳಿನ ಶಸ್ತ್ರವೈದ್ಯರು. ಅವರ ಕೈಯಲ್ಲೂ ಏನೂ ಆಗಲಿಲ್ಲ. ಆದರೆ ಆ ಸಾವನ್ನು ಅವರು ಅಲ್ಲಿಗೇ ಬಿಡಲಿಲ್ಲ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಇಂಗ್ಲೆಂಡಿನಲ್ಲಿ ಶತ್ರು ವಿಮಾನಗಳಿಗೆ ಕಾಣಬಾರದೆಂದು ರಾತ್ರಿ ಹೊರಗೆ ದೀಪ ಹಚ್ಚುವಂತಿರಲಿಲ್ಲ. ಸೇನೆಯ ಸಂದೇಶ ಒಯ್ಯುವ ಬೈಕ್ ಸವಾರರು ಆ ಕತ್ತಲೆಯಲ್ಲೇ ಓಡಾಡಬೇಕು. ಯುದ್ಧದ ಮೊದಲ 21 ತಿಂಗಳಲ್ಲಿ ಬೈಕ್ ಓಡಿಸುವವರು, ಹಿಂದೆ ಕೂತವರು ಸೇರಿ 2,279 ಜನ ರಸ್ತೆಯಲ್ಲಿ ಸತ್ತರು. ಹೆಚ್ಚಿನವರಿಗೆ ತಲೆಗೇ ಪೆಟ್ಟು. ಹೆಲ್ಮೆಟ್ ಹಾಕಿ ಬಿದ್ದವರನ್ನು ಕೇರ್ನ್ಸ್ ಹುಡುಕಿದರೆ ಸಿಕ್ಕವರು ಏಳೇ ಜನ. ಏಳೂ ಜನ ಬದುಕಿದ್ದರು. 1941ರ ಅಕ್ಟೋಬರಿನಲ್ಲಿ ಇದನ್ನು ಬರೆದು ಪ್ರಕಟಿಸಿದರು. ನವೆಂಬರಿನಲ್ಲಿ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ಏಳು ಜನರ ಲೆಕ್ಕ ಇಟ್ಟುಕೊಂಡು ಅಷ್ಟು ದೊಡ್ಡ ಸೇನೆಗೆ ತಿಳಿಹೇಳುವುದು ಸಣ್ಣ ಮಾತಲ್ಲ. ನನಗಂತೂ ಲಾರೆನ್ಸ್ ಮರುಭೂಮಿಯಲ್ಲಿ ಒಂಟೆ ಮೇಲೆ ಹೋದ ಕಥೆಗಿಂತ ಇದೇ ಹೆಚ್ಚು. ಬ್ರಿಟನ್ನಿನ ಸಾಮಾನ್ಯ ಜನರಿಗೆ ಹೆಲ್ಮೆಟ್ ಕಾನೂನು ಬಂದದ್ದು 1973ರಲ್ಲಿ. ಅಷ್ಟರಲ್ಲಿ ಕೇರ್ನ್ಸ್ ತೀರಿಕೊಂಡು ಹತ್ತಿರಹತ್ತಿರ 21 ವರ್ಷವಾಗಿತ್ತು.

ಅದೇ ಲೇಖನದ ಇನ್ನೊಂದು ಸಾಲೂ ಈಗ ಚುಚ್ಚುತ್ತಿದೆ. 1830ರ ಸೆಪ್ಟೆಂಬರ್ 15ರಂದು, ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗ ಶುರುವಾದ ದಿನವೇ, ಸಂಸದ ವಿಲಿಯಂ ಹಸ್ಕಿಸನ್ ರೈಲಿಗೆ ಸಿಕ್ಕಿ ಸತ್ತರು. ‘ಇಳಿಯಬೇಡಿ ಎಂದರೂ ಇಳಿದರು’ ಎಂದು ಬರೆದಿದ್ದೆವು. ಇಳಿದದ್ದು ನಿಜ. ಆದರೆ ಅವತ್ತು ಎಷ್ಟೋ ಜನ ಇಳಿದಿದ್ದರು. ಇಂಜಿನ್ ನೀರು ತುಂಬಿಸಿಕೊಳ್ಳಲು ನಿಂತಿತ್ತು. ಪ್ರಧಾನಿ ವೆಲಿಂಗ್ಟನ್ ಜೊತೆ ಕೆಟ್ಟಿದ್ದ ಸಂಬಂಧ ಸರಿಮಾಡಿಕೊಳ್ಳೋಣ ಎಂದು ಹಸ್ಕಿಸನ್ ಆ ಪ್ರಧಾನಿ ಕೂತಿದ್ದ ಗಾಡಿಯ ಹತ್ತಿರ ಹೋಗಿ ಕೈಕುಲುಕಿದರು. ಅಷ್ಟರಲ್ಲಿ ಪಕ್ಕದ ಹಳಿ ಮೇಲೆ ‘ರಾಕೆಟ್’ ಇಂಜಿನ್ ಬಂತು. ಹಸ್ಕಿಸನ್ ಹಿಡಿದುಕೊಂಡಿದ್ದ ಗಾಡಿಯ ಬಾಗಿಲು ಹೊರಕ್ಕೆ ತೆರೆದುಕೊಂಡು, ಅವರನ್ನು ಇಂಜಿನ್ನಿನ ದಾರಿಗೇ ತಂದು ನಿಲ್ಲಿಸಿತು. ಬರುವ ರೈಲಿನ ವೇಗ ಅಂದಾಜು ಮಾಡುವುದು ಆಗಿನ್ನೂ ಯಾರ ಕಣ್ಣಿಗೂ ರೂಢಿಯಾಗಿರಲಿಲ್ಲ, ಅಲ್ವಾ? ಈ ಸಾಲನ್ನೂ ವಾಪಸ್ ತೆಗೆದುಕೊಳ್ಳುತ್ತೇನೆ.

ಎರಡಕ್ಕೂ ತಿದ್ದುಪಡಿ ಮುಂದಿನ ಸಂಚಿಕೆಯ ಮೂರನೇ ಪುಟದಲ್ಲಿ ಬರುತ್ತದೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ.

ಕಾಗದದ ಜೊತೆ ನೀವು ಇಟ್ಟಿದ್ದ ತಮ್ಮನ ಫೋಟೊ ನನ್ನ ಮೇಜಿನ ಮೇಲಿದೆ. ಹೊಸ ಬೈಕು, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಎಣ್ಣೆ ಹಚ್ಚಿ ನೀಟಾಗಿ ಬಾಚಿದ ತಲೆ. ಫೋಟೊ ಮಡಿಕೆ ಬೀಳಬಾರದೆಂದು ಎರಡು ರಟ್ಟಿನ ನಡುವೆ ಇಟ್ಟು, ನಾಳೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ತಲುಪಿದ ಮೇಲೆ ದಯವಿಟ್ಟು ಒಂದು ಸಾಲು ಬರೆಯಿರಿ.

– ಸಂಪಾದಕ