ಬಿಳಿ ಚುಕ್ಕೆ ಹೋಗಿ ಮತ್ತೆ ಬಂದರೆ

ಪ್ರಶ್ನೆ: ನಮ್ಮ 60 ಲೀಟರ್ ತೊಟ್ಟಿಯಲ್ಲಿ ಗಪ್ಪಿ, ಮೋಲಿ ಇವೆ. ಹೊಸ ಮೀನು ತಂದು ಬಿಟ್ಟ ವಾರದಲ್ಲೇ ಎಲ್ಲದರ ಮೈಮೇಲೆ ರವೆಯಂಥ ಬಿಳಿ ಚುಕ್ಕೆಗಳೆದ್ದವು. ಮೀನುಗಳು ಕಲ್ಲಿಗೆ ಮೈ ಉಜ್ಜುತ್ತಿದ್ದವು. ಔಷಧಕ್ಕೆ ಚುಕ್ಕೆ ಹೋಯಿತು, ನಿಲ್ಲಿಸಿದ ಮೇಲೆ ಮತ್ತೆ ಬಂತು. ಏಕೆ?

ಉತ್ತರ: ಇದು ‘ಇಕ್’ ಎಂಬ ಪರಾವಲಂಬಿಯ ಕಾಟ. ಚುಕ್ಕೆಯೊಳಗಿನ ಜೀವಿ ಮೀನಿನ ಚರ್ಮದಡಿ ಅಡಗಿರುವುದರಿಂದ ಔಷಧ ಅದಕ್ಕೆ ತಾಗದು. ಬಲಿತ ಮೇಲೆ ಅದು ಉದುರಿ, ತಳದಲ್ಲಿ ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಔಷಧಕ್ಕೆ ಸಾಯುವುದು ಈಜಾಡುವ ಆ ಮರಿಗಳು ಮಾತ್ರ. ಚುಕ್ಕೆ ಮಾಯವಾದಾಗ ಔಷಧ ನಿಲ್ಲಿಸಿದ್ದೇ ತೊಂದರೆಗೆ ಕಾರಣ.

ಗಪ್ಪಿ, ಮೋಲಿ ಉಪ್ಪು ತಾಳುತ್ತವೆ. ಲೀಟರಿಗೆ 2 ಗ್ರಾಂನಂತೆ, ತೊಟ್ಟಿಯಲ್ಲಿ 50 ಲೀಟರ್ ನೀರಿದ್ದರೆ 100 ಗ್ರಾಂ ಕಲ್ಲುಪ್ಪನ್ನು ಕರಗಿಸಿ, ಎರಡು ದಿನಗಳಲ್ಲಿ ನಾಲ್ಕು ಕಂತಾಗಿ ಹಾಕಿ. ಹೀಟರ್ ಇದ್ದರೆ ನಿಧಾನವಾಗಿ 30 ಡಿಗ್ರಿಗೆ ಏರಿಸಿ. ಪರಾವಲಂಬಿಯ ಜೀವನಚಕ್ರ ಬೇಗ ಮುಗಿಯುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ನಿಲ್ಲಿಸಲೇಬೇಡಿ. ಎರಡು ದಿನಕ್ಕೊಮ್ಮೆ ತಳದ ಜಲ್ಲಿಯಿಂದ ಕೊಳೆ ಹೀರಿ ಕಾಲು ಭಾಗ ನೀರು ಬದಲಿಸಿ, ತೆಗೆದ ನೀರಿನಷ್ಟಕ್ಕೆ ಮಾತ್ರ ಮತ್ತೆ ಉಪ್ಪು ಸೇರಿಸಿ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಮುಂದುವರಿಸಿ. ಗಿಡಗಳು, ಕೋರಿ (ತಳದಲ್ಲಿ ಓಡಾಡುವ ಪುಟ್ಟ ಮೀಸೆ ಮೀನು) ಇದ್ದರೆ ಈ ಪ್ರಮಾಣ ಬೇಡ. ಬಾಟಲಿ ಔಷಧ ಬಳಸುವವರು ಫಿಲ್ಟರಿನ ಇದ್ದಿಲು ತೆಗೆದಿಡಬೇಕು, ಇಲ್ಲದಿದ್ದರೆ ಅದೇ ಔಷಧವನ್ನು ಹೀರಿಬಿಡುತ್ತದೆ.

ಪ್ರಶ್ನೆ: ನೀರು ಬದಲಿಸಿದ ಕೂಡಲೇ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ರೋಗವೇ?

ಉತ್ತರ: ಬಹುಮಟ್ಟಿಗೆ ನಲ್ಲಿ ನೀರಿನ ಕ್ಲೋರಿನ್. ಅದು ಕಿವಿರನ್ನು ಸುಡುತ್ತದೆ. ತಕ್ಷಣ ಡಿಕ್ಲೋರಿನೇಟರ್ (ಕ್ಲೋರಿನ್ ನೀಗಿಸುವ ರಾಸಾಯನಿಕ) ಹಾಕಿ, ಗಾಳಿ ಹೆಚ್ಚಿಸಿ.