ಕೈಗೆ ಕಟ್ಟಿ ನೋಡಿ, ಆಮೇಲೆ ಮಾತು

ವಾಚು, ಗಡಿಯಾರದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ. ಉತ್ತರಿಸುವವರು ಬೆಂಗಳೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ದುಡಿದು ನಿವೃತ್ತರಾದವರು.

ನಾನು ಬ್ಯಾಂಕ್ ನೌಕರ. ಕೀ ಕೊಡುವ ವಾಚುಗಳೆಂದರೆ ಪ್ರಾಣ. ಈ ವರ್ಷ ಬಂದ ಹೊಸ ಮಾಡೆಲ್‌ಗಳನ್ನೆಲ್ಲ ವಿಡಿಯೊದಲ್ಲಿ ನೋಡಿದ್ದೇನೆ. ಬೆಂಗಳೂರಿಗೆ ಬಂದಾಗ ದೊಡ್ಡ ಶೋರೂಮಿಗೆ ಹೋಗಿ ಕಣ್ಣಾರೆ ನೋಡುವ ಆಸೆ. ಆದರೆ ಕೊಳ್ಳುವ ಶಕ್ತಿ ಸದ್ಯಕ್ಕಿಲ್ಲ. ಸುಮ್ನೆ ನೋಡೋಕೆ ಹೋದರೆ ಏನಂದುಕೊಳ್ಳುತ್ತಾರೋ?
— ಓದುಗರು, ದಾವಣಗೆರೆ

ಹೋಗಿ. ಖಂಡಿತ ಹೋಗಿ. ವಾಚು ತೋರಿಸೋದೇ ಆ ಅಂಗಡಿಯವರ ಕೆಲಸ. ಇವತ್ತು ನೋಡಿ ಹೋದವರು ಎಷ್ಟೋ ವರ್ಷ ಬಿಟ್ಟು ಕೊಳ್ಳಲು ಬರುತ್ತಾರೆ ಅನ್ನೋದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬಾಗಿಲಲ್ಲಿ ಸೂಟು ಹಾಕಿದವರು ನಿಂತಿರುತ್ತಾರೆ, ಒಳಗೆ ಸದ್ದೇ ಇರೋದಿಲ್ಲ. ಅಷ್ಟಕ್ಕೇ ನಮ್ಮ ಜನ ಹಿಂಜರಿದು ಗಾಜಿನಾಚೆಯಿಂದಲೇ ನೋಡಿ ಬರುತ್ತಾರೆ. ನನಗೆ ಅದು ತುಂಬಾ ಬೇಜಾರಿನ ವಿಷಯ. ವಾಚಿನ ಬಗ್ಗೆ ಇಷ್ಟು ಓದಿಕೊಂಡವರೇ ಒಳಗೆ ಹೋಗದಿದ್ದರೆ ಇನ್ಯಾರು ಹೋಗಬೇಕು?

ವಾರದ ದಿನ, ಬೆಳಗ್ಗೆ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಹೋಗಿ. ಶನಿವಾರ, ಭಾನುವಾರ ಸಂಜೆ ಬೇಡ. ಹಿಂದಿನ ದಿನವೇ ಫೋನ್ ಮಾಡಿ, ನೋಡಬೇಕಾದ ಮಾಡೆಲ್ ಇದೆಯೇ ಅಂತ ಕೇಳಿಕೊಳ್ಳಿ. ಹೊಸ ವಾಚುಗಳಲ್ಲಿ ಹೆಚ್ಚಿನವು ಏಪ್ರಿಲ್ ಹೊತ್ತಿಗೆ ಜಿನೀವಾದ 'ವಾಚಸ್ ಆ್ಯಂಡ್ ವಂಡರ್ಸ್' ಮೇಳದಲ್ಲಿ ಹೊರಬರುತ್ತವೆ. ವಿಡಿಯೊಗಳೆಲ್ಲ ಆ ವಾರವೇ ಬಂದುಬಿಡುತ್ತವೆ. ವಾಚು ನಮ್ಮೂರಿನ ಅಂಗಡಿಗೆ ಬರಲು ತಿಂಗಳುಗಳೇ ಹಿಡಿಯಬಹುದು. ಬೇಡಿಕೆ ಜಾಸ್ತಿ ಇರುವ ಕೆಲವು ಮಾಡೆಲ್‌ಗಳು ಕೆಲವು ಕಡೆ ಪ್ರದರ್ಶನಕ್ಕೆ ಮಾತ್ರ ಇರುತ್ತವೆ. ನಿಮಗೆ ಬೇಕಾದದ್ದೂ ನೋಡೋದೇ ಅಲ್ವಾ, ಅದರಿಂದ ತೊಂದರೆ ಇಲ್ಲ.

ಕೂತ ತಕ್ಷಣ ಹೇಳಿಬಿಡಿ: 'ಇವತ್ತು ತಗೊಳ್ಳೋದಿಲ್ಲ. ಈ ಎರಡು ವಾಚು ಕೈಗೆ ಕಟ್ಟಿ ನೋಡಬೇಕು.' ಎರಡೋ ಮೂರೋ ಸಾಕು. ಹತ್ತು ನೋಡಿದರೆ ಒಂದೂ ನೆನಪಿರೋದಿಲ್ಲ. ಉಂಗುರ, ಬ್ರೇಸ್‌ಲೆಟ್ ಇದ್ದರೆ ಮೊದಲೇ ತೆಗೆದು ಜೇಬಿಗೆ ಹಾಕಿ, ಹೊಸ ವಾಚಿಗೆ ಗೀರು ಬೀಳಬಾರದು. ಬಟ್ಟೆ ಹಾಸಿದ ಟ್ರೇ ಇಡುತ್ತಾರೆ. ವಾಚು ಯಾವಾಗಲೂ ಆ ಟ್ರೇ ಮೇಲೇ ಇರಲಿ, ಎತ್ತಿಕೊಂಡು ಕಿಟಕಿ ಹತ್ತಿರ ಓಡಬೇಡಿ. ಹಗಲು ಬೆಳಕಲ್ಲಿ ನೋಡಬೇಕು ಅಂತ ಕೇಳಿದರೆ ಅವರೇ ಕರೆದುಕೊಂಡು ಹೋಗುತ್ತಾರೆ. ಕೀ ಎಳೆಯುವ ಮುಂಚೆಯೂ ಒಂದು ಮಾತು ಕೇಳಿ. ತಾರೀಕು ತೋರಿಸುವ ವಾಚಿನಲ್ಲಿ ಮುಳ್ಳು ರಾತ್ರಿ ಒಂಬತ್ತರಿಂದ ಬೆಳಗಿನ ಮೂರರ ನಡುವೆ ಇದ್ದಾಗ ಕೀಯಿಂದ ತಾರೀಕು ತಿರುಗಿಸಿದರೆ ಎಷ್ಟೋ ವಾಚುಗಳ ಒಳಗಿನ ಚಕ್ರದ ಹಲ್ಲಿಗೆ ಪೆಟ್ಟು.

ಅಷ್ಟು ಚೆನ್ನಾಗಿ ತೆಗೆದ ಫೋಟೊ, ವಿಡಿಯೊ ಇರುವಾಗ ನೇರವಾಗಿ ನೋಡಿದರೆ ಹೆಚ್ಚಿಗೆ ಏನು ಕಾಣುತ್ತದೆ? ಏನನ್ನು ಗಮನಿಸಬೇಕು ಹೇಳಿ.
— ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ತುಮಕೂರಿನವರು ಕೇಳಿದ್ದು ಖುಷಿ ಆಯಿತು. ನಿಮ್ಮೂರಲ್ಲೂ ನಮ್ಮ ಎಚ್‌ಎಂಟಿ ಕಾರ್ಖಾನೆ ಇತ್ತು.

ಮೊದಲು ಅಳತೆ. ಫೋಟೊದಲ್ಲಿ 36 ಮಿ.ಮೀ. ವಾಚೂ 44 ಮಿ.ಮೀ. ವಾಚೂ ಪರದೆ ತುಂಬ ಒಂದೇ ತರಹ ಕಾಣುತ್ತವೆ. ಡಯಲಿನ ಅಗಲ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಪಟ್ಟಿ ಸಿಕ್ಕಿಸುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಗೆ ಎಷ್ಟು ಉದ್ದ, ಅದು ಮುಖ್ಯ. ಆ ಕೊಂಬುಗಳು ಮಣಿಕಟ್ಟು ದಾಟಿ ಆಚೆ ಚಾಚಿದರೆ ವಾಚು ನಿಮ್ಮದಲ್ಲ. ಕೂತು ಮಾತ್ರ ನೋಡಬೇಡಿ. ಎದ್ದು ನಿಂತು, ಕೈ ಇಳಿಬಿಟ್ಟು ಕನ್ನಡಿಯಲ್ಲಿ ನೋಡಿ. ಬೇರೆಯವರ ಕಣ್ಣಿಗೆ ಅದು ಕಾಣೋದು ಹಾಗೆ. ದಪ್ಪವೂ ಅಷ್ಟೆ. ಅಂಗಿಯ ಕಫ್ ಇಳಿಸಿ, ವಾಚು ಒಳಗೆ ಹೋಗುತ್ತದೋ ಇಲ್ಲವೋ ಪರೀಕ್ಷಿಸಿ.

ಆಮೇಲೆ ಸೆಕೆಂಡ್ ಮುಳ್ಳು. ನಾವು ಜೋಡಿಸುತ್ತಿದ್ದ ಜನತಾ ವಾಚು ಗಂಟೆಗೆ 18,000 ಬಡಿತದ್ದು. ಅಂದರೆ ಮುಳ್ಳು ಸೆಕೆಂಡಿಗೆ ಐದು ಸಣ್ಣ ಹೆಜ್ಜೆ ಇಡುತ್ತದೆ. ಈಗಿನ ಎಷ್ಟೋ ಸ್ವಿಸ್ ವಾಚುಗಳದ್ದು 28,800, ಎಂಟು ಹೆಜ್ಜೆ. ಜಪಾನಿನ ಗ್ರ್ಯಾಂಡ್ ಸೈಕೋದ 'ಸ್ಪ್ರಿಂಗ್ ಡ್ರೈವ್' ವಾಚಿನಲ್ಲಿ ಹೆಜ್ಜೆಯೇ ಇಲ್ಲ. ಶಕ್ತಿ ಬರೋದು ಸ್ಪ್ರಿಂಗಿನಿಂದಲೇ. ವೇಗಕ್ಕೆ ಕಡಿವಾಣ ಹಾಕೋದು ಮಾತ್ರ ಸಣ್ಣದೊಂದು ಕ್ವಾರ್ಟ್ಜ್ ಹರಳಿನ ವ್ಯವಸ್ಥೆ. ಮುಳ್ಳು ಎಲ್ಲೂ ತಡೆಯದೆ ಜಾರಿಕೊಂಡು ಹೋಗುತ್ತದೆ. ಕ್ಯಾಮೆರಾ ಒಂದೊಂದೇ ಚಿತ್ರ ತೆಗೆದು ಜೋಡಿಸುವುದರಿಂದ ಆ ಜಾರುವಿಕೆ ವಿಡಿಯೊದಲ್ಲಿ ಪೂರ್ತಿ ಸಿಗೋದಿಲ್ಲ. ಎದುರಿಗೆ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಅದರ 'ಸ್ನೋಫ್ಲೇಕ್' ಅನ್ನುವ ಮಾಡೆಲಿನ ಡಯಲ್ ನೇರವಾಗಿ ನೋಡಿದರೆ ಬರೀ ಬಿಳಿ. ವಾಚನ್ನು ಒಂಚೂರು ವಾಲಿಸಿ. ಗಾಳಿಗೆ ಸಾಲುಗಟ್ಟಿದ ಹಿಮದ ಹಾಗೆ ಸಣ್ಣ ಸಣ್ಣ ಏರಿಳಿತ ಕಾಣುತ್ತದೆ. ಕೇಸು ಟೈಟೇನಿಯಂ. ಅಷ್ಟು ದೊಡ್ಡ ವಾಚು ಅಷ್ಟು ಹಗುರ ಇರುತ್ತದೆ ಅಂತ ಯಾವ ಫೋಟೊ ಹೇಳುತ್ತದೆ?

ಗಾಜನ್ನೂ ನೋಡಿ. ಒಮೆಗಾ ಸ್ಪೀಡ್‌ಮಾಸ್ಟರ್ ಪ್ರೊಫೆಷನಲ್, 1969ರಲ್ಲಿ ಚಂದ್ರನ ಮೇಲೆ ಹೋದ ವಂಶದ್ದು, ಎರಡು ಬಗೆಯ ಗಾಜಿನಲ್ಲಿ ಸಿಗುತ್ತದೆ. ಒಂದು ಹೆಸಲೈಟ್, ಅಂದರೆ ಪ್ಲಾಸ್ಟಿಕ್ ಜಾತಿಯದ್ದು. ಇನ್ನೊಂದು ಸಫೈರ್. ಎರಡನ್ನೂ ಪಕ್ಕಪಕ್ಕ ಇಡಲು ಹೇಳಿ. ಸಫೈರಿನ ಅಂಚಿನಲ್ಲಿ ಹಾಲಿನ ಬಣ್ಣದ ಒಂದು ಬಳೆ ಕಾಣುತ್ತದೆ. ಹೆಸಲೈಟ್‌ನಲ್ಲಿ ಅದು ಇಲ್ಲ, ಡಯಲ್ ಕೊಂಚ ಬೆಚ್ಚಗೆ ಕಾಣುತ್ತದೆ. ಹೆಸಲೈಟ್ ಬೇಗ ಗೀರು ಬೀಳುತ್ತದೆ, ಆದರೆ ಉಜ್ಜಿ ಪಾಲಿಶ್ ಮಾಡಿದರೆ ಗೀರು ಹೋಗುತ್ತದೆ. ನನಗೆ ಹೆಸಲೈಟೇ ಇಷ್ಟ. ನೀವು ನೋಡಿ ನಿಮ್ಮದನ್ನು ಆರಿಸಿಕೊಳ್ಳಿ.

ಈಗ ವಾಚನ್ನು ಬೋರಲು ಹಾಕಿ. ಹಿಂದೆ ಗಾಜಿನ ಮುಚ್ಚಳ ಇದ್ದರೆ ಐಗ್ಲಾಸ್, ಅಂದರೆ ಕಣ್ಣಿಗಿಟ್ಟು ನೋಡುವ ಭೂತಗನ್ನಡಿ ಕೇಳಿ. ನನ್ನ ಮಗಳು ಕೆಲಸದ ಮೇಲೆ ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ ಲಾಂಗೆ ಉಂಡ್ ಜೋನೆ ವಾಚು ಕಂಪನಿಯ ಬುಟಿಕ್‌ಗೆ, ಅಂದರೆ ಅವರದೇ ಅಂಗಡಿಗೆ, ಕರೆದುಕೊಂಡು ಹೋಗಿದ್ದಳು. ಆ ವಾಚುಗಳನ್ನು ಮಾಡುವ ಗ್ಲಾಶ್ಯುಟ್ಟೆ ಅನ್ನುವ ಪುಟ್ಟ ಊರು ಅಲ್ಲಿಗೆ ಹತ್ತಿರ. ಬುಟಿಕ್‌ನ ಹುಡುಗ 'ಲಾಂಗೆ 1' ವಾಚು ತಂದಿಟ್ಟ. ಒಳಗಿನ ತಟ್ಟೆ ಜರ್ಮನ್ ಸಿಲ್ವರ್. ತಾಮ್ರ, ನಿಕ್ಕಲ್, ಸತು ಸೇರಿದ ಲೋಹ, ಬೆಳ್ಳಿ ಅಲ್ಲ. ಲೇಪ ಹಾಕದೆ ಬಿಟ್ಟಿರುವುದರಿಂದ ವರ್ಷ ಕಳೆದಂತೆ ಅದಕ್ಕೊಂದು ಹಳದಿ ಛಾಯೆ ಬರುತ್ತದೆ. ಅತ್ತಿತ್ತ ತೂಗಿ ವಾಚಿನ ವೇಗ ಕಾಯುವ ಬ್ಯಾಲೆನ್ಸ್ ಚಕ್ರವನ್ನು ಹಿಡಿದಿಡುವ ಸಣ್ಣ ತುಂಡಿನ ಮೇಲೆ ಹೂಬಳ್ಳಿ ಕೆತ್ತಿದೆ. ಕೈಯಲ್ಲೇ ಕೆತ್ತಿದ್ದು. ಕೆತ್ತಿದವರ ಕೈ ಬದಲಾದರೆ ಬಳ್ಳಿಯೂ ಬದಲಾಗುತ್ತದೆ.

ನಾನು ಅದರಲ್ಲಿ ಹುಡುಕಿದ್ದು ಮೂಲೆಗಳನ್ನು. ಲೋಹದ ಅಂಚನ್ನು ಓರೆಯಾಗಿ ಉಜ್ಜಿ ಹೊಳಪು ಕೊಡುತ್ತಾರೆ. ಹೊರಗಿನ ಅಂಚಿಗೆ ಯಂತ್ರವೂ ಆ ಹೊಳಪು ಕೊಟ್ಟೀತು. ಎರಡು ಅಂಚು ಒಳಮುಖವಾಗಿ ಸೇರುವ ಮೂಲೆಗೆ ತಿರುಗುವ ಉಪಕರಣ ಹೋಗೋದಿಲ್ಲ, ಅಲ್ಲಿ ಗುಂಡಗಾಗಿಬಿಡುತ್ತದೆ. ಚೂಪಾದ ಒಳಮೂಲೆ ಕಂಡರೆ ಅಲ್ಲೊಬ್ಬರು ಕೂತು ಕೈಯಲ್ಲಿ ಉಜ್ಜಿದ್ದಾರೆ ಅಂತ ಅರ್ಥ. ಬೆಲೆ ಎಲ್ಲಿಗೆ ಹೋಯಿತು ಅಂತ ತಿಳಿಯಬೇಕಾದರೆ ಮೊದಲು ಅಲ್ಲಿ ನೋಡಿ. ಲಾಂಗೆ ಕಾರ್ಖಾನೆಯಲ್ಲಿ ಪ್ರತಿ ವಾಚನ್ನೂ ಒಮ್ಮೆ ಜೋಡಿಸಿ, ಪೂರ್ತಿ ಬಿಚ್ಚಿ, ತೊಳೆದು ಮತ್ತೆ ಜೋಡಿಸುತ್ತಾರೆ. ಜೋಡಣೆ ಮೇಜಿನಲ್ಲಿ ಕೂತವಳಿಗೆ ಇದರ ಬೆಲೆ ಗೊತ್ತು. ಚಿಮಟದ ತುದಿ ಒಂದು ಕೂದಲಷ್ಟು ಜಾರಿದರೆ ಆ ಹೊಳಪಿನ ಮೇಲೆ ಗೀರು, ಆ ತುಂಡು ದಂಡ.

ಆ ಕಾರ್ಖಾನೆ ಶುರುವಾದದ್ದು 1845ರಲ್ಲಿ. 1948ರಲ್ಲಿ, ಆ ಭಾಗ ಸೋವಿಯತ್ ಹಿಡಿತದಲ್ಲಿದ್ದಾಗ, ಅಲ್ಲಿನ ಆಡಳಿತದವರು ಅದನ್ನು ವಶಪಡಿಸಿಕೊಂಡರು, ಹೆಸರೇ ಅಳಿಸಿಹೋಯಿತು. ಬರ್ಲಿನ್ ಗೋಡೆ ಬಿದ್ದ ಮೇಲೆ, 1990ರಲ್ಲಿ, ಮೂಲ ಸ್ಥಾಪಕರ ಮರಿಮಗ ವಾಲ್ಟರ್ ಲಾಂಗೆ ಮತ್ತೆ ಕಂಪನಿ ಕಟ್ಟಿದರು. ಆಗ ಅವರಿಗೆ 66 ವರ್ಷ. 1994ರಲ್ಲಿ ಹೊಸ ವಾಚುಗಳು ಬಂದವು. ಬಾಗಿಲು ಹಾಕಿದ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು ನಾನು. ಆ ವಾಚನ್ನು ಕೈಯಲ್ಲಿ ಹಿಡಿದಾಗ ಇದೆಲ್ಲ ನೆನಪಾಗದೆ ಇರುತ್ತದೆಯೇ?

ಅಪ್ಪನ ಎಚ್‌ಎಂಟಿ ಜನತಾ ನನ್ನ ಹತ್ತಿರ ಇದೆ. ದಿನಕ್ಕೆ ಎರಡು ಮೂರು ನಿಮಿಷ ಹಿಂದೆ ಬೀಳುತ್ತದೆ. ಲಕ್ಷಗಟ್ಟಲೆ ಬೆಲೆಯ ವಾಚು ಸೆಕೆಂಡೂ ತಪ್ಪದೆ ನಡೆಯುತ್ತದೆಯೇ? ಬುಟಿಕ್‌ಗೆ ಜನತಾ ಕಟ್ಟಿಕೊಂಡು ಹೋಗಬಹುದೇ?
— ಶಿಕ್ಷಕರು, ಕಲಬುರಗಿ

ಸೆಕೆಂಡೂ ತಪ್ಪದ ಮೆಕ್ಯಾನಿಕಲ್ ವಾಚು ಯಾವುದೂ ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿ ವಾಚಿನ ನಿಖರತೆ ಪರೀಕ್ಷಿಸುವ ಸಿಒಎಸ್‌ಸಿ ಸಂಸ್ಥೆಯ ಪ್ರಮಾಣಪತ್ರ ಸಿಗಬೇಕಾದರೆ ಯಂತ್ರದ ದಿನದ ಸರಾಸರಿ ವ್ಯತ್ಯಾಸ 4 ಸೆಕೆಂಡ್ ಹಿಂದಿನಿಂದ 6 ಸೆಕೆಂಡ್ ಮುಂದಿನವರೆಗೆ ಇರಬಹುದು. ಒಮೆಗಾದವರ ಮಾಸ್ಟರ್ ಕ್ರೋನೋಮೀಟರ್ ಪರೀಕ್ಷೆಯಲ್ಲಿ 0ಯಿಂದ 5 ಸೆಕೆಂಡ್ ಮುಂದೆ. ಬರೀ ಸಮಯ ಸರಿ ಇರಬೇಕು ಅಂದರೆ ಬ್ಯಾಟರಿ ವಾಚೇ ಸಾಕು. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ನಮ್ಮ ಬ್ಯಾಲೆನ್ಸ್ ಚಕ್ರ ಅದರ ಮುಂದೆ ನಿಲ್ಲೋದಿಲ್ಲ.

ನಿಮ್ಮ ಜನತಾ ಅಷ್ಟು ಹಿಂದೆ ಬೀಳಬೇಕಾಗಿಲ್ಲ. ಎಣ್ಣೆ ಒಣಗಿರಬೇಕು. ಸರ್ವಿಸ್ ಮಾಡಿಸಿ, ಆದರೆ ಡಯಲ್‌ಗೆ ಹೊಸ ಬಣ್ಣ ಹಾಕಲು ಬಿಡಬೇಡಿ. ಹಳೆ ಡಯಲ್ ಹಾಗೇ ಇರಲಿ. ಒಂದು ವೇಳೆ ವಾಚು ಇದ್ದಕ್ಕಿದ್ದಂತೆ ತುಂಬಾ ಮುಂದೆ ಓಡಿದರೆ ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತ ತಗುಲಿರಬಹುದು. ಫೋನಿನ ಕವರ್, ಬ್ಯಾಗಿನ ಗುಂಡಿ, ಸ್ಪೀಕರ್ ಪಕ್ಕ ಇಡಬೇಡಿ. ಅಯಸ್ಕಾಂತ ಬಿಡಿಸುವುದು ರಿಪೇರಿಯವರಿಗೆ ನಿಮಿಷದ ಕೆಲಸ.

ಜನತಾ ಕಟ್ಟಿಕೊಂಡೇ ಹೋಗಿ. ವಾಚು ಪ್ರೀತಿಸುವ ಸೇಲ್ಸ್‌ನವರು ಇದ್ದರೆ ಮೊದಲು ಅದನ್ನೇ ಕೇಳಿ ನೋಡುತ್ತಾರೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯದ್ದು ಅದು. ಸಮಯ ಇದ್ದರೆ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ಗೆ ಹೋಗಿ, ಆಮೇಲೆ ಬುಟಿಕ್‌ಗೆ ಬನ್ನಿ. ಯಂತ್ರ, ವಾಚು ಎರಡನ್ನೂ ನೋಡಿದ ಕಣ್ಣಿಗೆ ಬುಟಿಕ್‌ನಲ್ಲಿ ಕಾಣುವುದೇ ಬೇರೆ.

ತಮ್ಮ ದುಬೈನಲ್ಲಿದ್ದಾನೆ. ಇಲ್ಲಿ ನೋಡಿ, ಅಲ್ಲಿ ಕೊಂಡರೆ ಅಗ್ಗ ಆಗುತ್ತದೆಯೇ?
— ವ್ಯಾಪಾರಿ, ಭಟ್ಕಳ

ಅಲ್ಲಿನ ಬೆಲೆಗೆ ಇಲ್ಲಿಯ ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ತರುವವರು ವಿಮಾನ ನಿಲ್ದಾಣದಲ್ಲಿ ತೋರಿಸಲೇಬೇಕು. ಕೈಗೆ ಕಟ್ಟಿಕೊಂಡು ಬಂದರೆ ಗೊತ್ತಾಗೋದಿಲ್ಲ ಅನ್ನುವ ಮಾತು ಕೇಳಬೇಡಿ. ಬಿಲ್ಲು, ತಾರೀಕು ಹಾಕಿದ ವಾರಂಟಿ ಕಾರ್ಡು ಎರಡೂ ಇಟ್ಟುಕೊಳ್ಳಿ. ಇಲ್ಲೇ ಕೊಂಡರೆ ಎರಡು ಲಕ್ಷ ದಾಟಿದ ಖರೀದಿಗೆ ಪ್ಯಾನ್ ಬೇಕು. ಎರಡು ಲಕ್ಷ ಅಥವಾ ಹೆಚ್ಚಿನ ನಗದನ್ನು ಅಂಗಡಿಯವರು ತೆಗೆದುಕೊಳ್ಳುವ ಹಾಗಿಲ್ಲ. 2025ರ ಏಪ್ರಿಲ್ 22ರಿಂದ 10 ಲಕ್ಷ ಮೀರಿದ ವಾಚಿಗೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಸ್ವಿಟ್ಜರ್ಲೆಂಡ್ ಸೇರಿದ ಇಎಫ್‌ಟಿಎ ಅನ್ನುವ ಯುರೋಪಿನ ಗುಂಪಿನ ದೇಶಗಳ ಜೊತೆಗಿನ ನಮ್ಮ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಾಗಿದೆ. ಸ್ವಿಸ್ ವಾಚಿನ ಸುಂಕ ಹಂತ ಹಂತವಾಗಿ ಇಳಿಯಲಿದೆ. ಅವಸರ ಇಲ್ಲದಿದ್ದರೆ ಕಾಯಬಹುದು.

ನನ್ನ ಕೈ ಸಣ್ಣದು. ಹೆಂಗಸರ ವಾಚು ಕೇಳಿದರೆ ಎಲ್ಲ ಕಡೆ ಹರಳು ಕೂರಿಸಿದ ಬ್ಯಾಟರಿ ವಾಚನ್ನೇ ತೋರಿಸುತ್ತಾರೆ. ನನಗೆ ಕೀ ಕೊಡುವ ವಾಚು ನೋಡಬೇಕು.
— ವೈದ್ಯೆ, ಶಿವಮೊಗ್ಗ

ಹೆಂಗಸರದ್ದು, ಗಂಡಸರದ್ದು ಅಂತ ಕೇಳಲೇಬೇಡಿ. 'ಕೈಯಿಂದ ಕೀ ಕೊಡುವುದು, 36 ಮಿ.ಮೀ. ಒಳಗಿನದು ತೋರಿಸಿ' ಅನ್ನಿ. ನಾವು ಗಂಡಸರಿಗೆಂದು ಮಾಡುತ್ತಿದ್ದ ಜನತಾ ಸುಮಾರು 35 ಮಿ.ಮೀ. ಅಷ್ಟೆ. ಗ್ಲಾಶ್ಯುಟ್ಟೆಯದೇ ನೋಮೋಸ್ ಕಂಪನಿಯ ಟಾಂಗೆಂಟೆ 35 ಮಿ.ಮೀ.ನಲ್ಲಿ ಬರುತ್ತದೆ. ತೆಳ್ಳಗೆ, ಡಯಲ್ ಸಾದಾ, ಬೆಲೆಯೂ ಈ ಸಾಲಿನಲ್ಲಿ ಕಡಿಮೆಯೇ. ಜೇಜರ್ ಲಕೂಲ್ಟ್ರ್ ಕಂಪನಿಯ ರಿವರ್ಸೊ ಸಿಕ್ಕರೆ ತಪ್ಪದೆ ಕೇಳಿ. 1931ರದ್ದು. ಬ್ರಿಟಿಷ್ ಅಧಿಕಾರಿಗಳು ನಮ್ಮ ದೇಶದಲ್ಲಿ ಪೋಲೊ ಆಡುವಾಗ ವಾಚಿನ ಗಾಜು ಒಡೆಯುತ್ತಿತ್ತು, ಅದಕ್ಕೆಂದೇ ಮುಖ ಮಗುಚುವ ವಾಚು ಮಾಡಿದರು. ಆಯತಾಕಾರದ ಕೇಸು, ಸಣ್ಣ ಕೈಗೆ ಚೆನ್ನಾಗಿ ಕೂರುತ್ತದೆ. ಹೆಬ್ಬೆರಳಿಂದ ಪಕ್ಕಕ್ಕೆ ತಳ್ಳಿ ತಿರುಗಿಸಿ. ಕೊನೆಗೆ ಟಕ್ ಅಂತ ಕೂರುವಾಗ ಅಲುಗಾಟ ಇರಬಾರದು.

ಬ್ಯಾಟರಿ ಇರುವ ರಿವರ್ಸೊ ಕೂಡ ಉಂಟು, ಮೊದಲೇ ಕೇಳಿಕೊಳ್ಳಿ. ಪಟ್ಟಿ ಉದ್ದ ಆಯಿತು ಅಂತ ಅಲ್ಲೇ ತೂತು ಹಾಕಿಸಬೇಡಿ. ಚಿಕ್ಕ ಅಳತೆಯ ಪಟ್ಟಿ ತರಿಸಿಕೊಡಿ ಅಂತ ಕೇಳಿ, ಹೆಚ್ಚಿನ ಕಂಪನಿಗಳು ಕೊಡುತ್ತವೆ.